ಹುಳದ ಮೇಡಂ ಮತ್ತು ಚೌಡಿ ಮೂಲೆಯ ಚಳಿ

ನನಗೆ ಬಾಳೂರು ಸುತ್ತಿನ ಮುಕ್ಕಾಲುಪಾಲು ಜನರ ಗಂಟಲು ಬರುತ್ತದೆ. ನಮ್ಮ ಎಸ್ಟೇಟಿನ ಗೌಡರು ಫೋನಿನಲ್ಲಿ ಕಾಫಿ ರೇಟು ಕೇಳಿ ನಿಟ್ಟುಸಿರು ಬಿಡುವುದು, ಪಂಪು ರಿಪೇರಿಯ ಬಶೀರಣ್ಣ ಬೋಲ್ಟು ಕಚ್ಚಿಕೊಂಡೇ ಮಾತಾಡುವುದು, ಈರಯ್ಯ ಮೇಸ್ತ್ರಿ ಬೈಯುವ ಮೊದಲು ಎಲೆಯಡಿಕೆ ಉಗುಳಲು ಜಾಗ ಹುಡುಕುವುದು, ಎಲ್ಲವನ್ನೂ ಮಾಡಿ ತೋರಿಸುತ್ತೇನೆ. ನನ್ನ ದನಿ ಮಾತ್ರ ನನಗೆ ಬರುವುದಿಲ್ಲ. ಅದನ್ನು ತಂಗಿ ಮಾಡಿ ತೋರಿಸಿದ್ದಾಳೆ. ಲೋ ಗೇರಿನಲ್ಲಿ ಘಾಟಿ ಹತ್ತುವ ಜೀಪಿನ ಹಾಗೆ ಕೇಳುತ್ತದೆ. ಕೆಲಸದಲ್ಲಿ ನಾನು ಎಸ್ಟೇಟ್ ರೈಟರ್. ಅಂದರೆ ಆಳುಗಳ ಹಾಜರಿ ಹಾಕಿ, ಹಣ್ಣು ತೂಗಿಸಿ, ಗೌಡರ ಬೈಗುಳವನ್ನು ಮೇಸ್ತ್ರಿಗೂ ಮೇಸ್ತ್ರಿಯ ಬೈಗುಳವನ್ನು ಗೌಡರಿಗೂ ಸ್ವಲ್ಪ ಸಕ್ಕರೆ ಬೆರೆಸಿ ತಲುಪಿಸುವವನು.

ಈಚೆಗೆ ಎಲ್ಲಿ ಹೋದರೂ ಜನ ಕೇಳುವುದು ಒಂದನ್ನೇ. "ಹುಳದ ಮೇಡಂ ಮಾಡೋ ಮಾರಾಯ." ಅವರು ಕಳೆದ ಮಾರ್ಚಿನಲ್ಲಿ ನಿವೃತ್ತರಾದರು. ನಾನು ತಲೆಗೆ ಮಂಕಿ ಕ್ಯಾಪ್ ಎಳೆದುಕೊಂಡು, ಸೀರೆಯ ಮೇಲೆ ಗಂಡಸರ ಶರಟು ತೊಟ್ಟವರ ಹಾಗೆ ತೋಳು ಮಡಚಿ, ಇಲ್ಲದ ಕೆರೆಗೆ ಕೈ ಅದ್ದಿ ಕಣ್ಣು ಮುಚ್ಚುತ್ತೇನೆ. ಜನ ನಗುತ್ತಾರೆ. ಅಲ್ಲಿಯ ತನಕ ಸರಿಯಾಗಿಯೇ ಬರುತ್ತದೆ. ಅದರಾಚೆ ಅವರು ಹೇಗಿದ್ದರು ಅನ್ನುವುದು ಮಿಮಿಕ್ರಿಯಲ್ಲಿ ಬರುವುದಿಲ್ಲವಾದ್ದರಿಂದ ಬರೆಯಲು ಕುಳಿತಿದ್ದೇನೆ.

ಅವರು ಬಯಲುಸೀಮೆಯವರು, ಚಿತ್ರದುರ್ಗದ ಕಡೆ. ಕಳೆ ತಿನ್ನುವ ಹುಳಗಳನ್ನು ಸಾಕಿ, ಬೇಕಾದ ಕಡೆ ಬಿಡುವುದು ಅವರ ನೌಕರಿ. ಮೂಡಿಗೆರೆಯಲ್ಲಿ ಒಂದು ಬಾಡಿಗೆ ಮನೆ, ಅದರ ಹಿತ್ತಿಲಲ್ಲಿ ಸಾಲಾಗಿ ಸಿಮೆಂಟಿನ ತೊಟ್ಟಿಗಳು. ಅಕ್ಕಪಕ್ಕದವರು ಮೊದಲು ಮೀನು ಸಾಕುತ್ತಾರೆ ಅಂದುಕೊಂಡಿದ್ದರಂತೆ. ಸಾಕುವುದು ಹುಳ ಎಂದು ತಿಳಿದ ಮೇಲೆ ಹಪ್ಪಳ ಸಂಡಿಗೆ ಕೊಟ್ಟು ಕಳಿಸುವುದನ್ನು ನಿಲ್ಲಿಸಿದರಂತೆ. ಇದನ್ನು ಅವರೇ ಹೇಳಿ ನಗುತ್ತಿದ್ದರು.

ನಮ್ಮ ಎಸ್ಟೇಟಿಗೆ ಅವರು ಬಂದದ್ದು ಕೆರೆಯ ದೆಸೆಯಿಂದ. ಯಾವನೋ ಮೀನಿನ ತೊಟ್ಟಿಗೆ ಚಂದ ಕಾಣುತ್ತದೆಂದು ತಂದ ತೇಲುವ ಗಿಡ ಹೇಗೋ ನಮ್ಮ ಕೆರೆ ಸೇರಿ, ಎರಡೇ ಮಳೆಗಾಲದಲ್ಲಿ ನೀರು ಎಂಬುದೇ ಕಾಣದಂತೆ ಹಾಸಿಕೊಂಡಿತ್ತು. ಅದರ ಹೆಸರು ಸಾಲ್ವಿನಿಯಾ. ನಾವು ಪಾಚಿ ಅನ್ನುತ್ತೇವೆ. ಆಳು ಹಾಕಿ ಎಳೆಸಿದರೆ ಹದಿನೈದು ದಿನಕ್ಕೆ ಮತ್ತೆ ತುಂಬುತ್ತಿತ್ತು. ಈರಯ್ಯ ಮೇಸ್ತ್ರಿಯ ಹಸು ಒಮ್ಮೆ ಅದನ್ನು ಗದ್ದೆಯೆಂದು ತಿಳಿದು ಕಾಲಿಟ್ಟು, ಮುಳುಗಿ, ಎದ್ದು, ಆಮೇಲೆ ಯಾವ ಹಸಿರನ್ನೂ ನಂಬದ ಹಾಗಾಗಿತ್ತು.

ಗೌಡರಿಗೆ ಆ ಕೆರೆ ಬೇಕಾದದ್ದು ಹೂವಿಗೆ. ಫೆಬ್ರವರಿ ಮಾರ್ಚಿನಲ್ಲಿ ಮಳೆ ಕೈಕೊಟ್ಟರೆ ಕಾಫಿ ಗಿಡಕ್ಕೆ ಸ್ಪ್ರಿಂಕ್ಲರ್ ಹಾಕಿ ಹೂವು ಅರಳಿಸಬೇಕು. ಹೊತ್ತಿಗೆ ನೀರು ತಪ್ಪಿದರೆ ಮೊಗ್ಗು ಕರಕಲಾಗುತ್ತದೆ, ಆ ವರ್ಷದ ಫಸಲು ಹೋದ ಹಾಗೆ. ಪಾಚಿ ಸಿಕ್ಕಿಕೊಂಡು, ನೀರಿನೊಳಗೆ ಇಳಿಬಿಟ್ಟ ಪಂಪಿನ ಪೈಪಿನ ಬಾಯಿ, ಅಂದರೆ ಫುಟ್‌ವಾಲ್ವ್, ಕಟ್ಟುತ್ತಿತ್ತು. ಅದಕ್ಕೆ ಗೌಡರು ಕಳೆ ಔಷಧಿಯ ಎರಡು ದೊಡ್ಡ ಕ್ಯಾನು ತಂದು ಸ್ಟೋರಿನಲ್ಲಿ ಇಟ್ಟಿದ್ದರು. ತೊಡಕು ಏನೆಂದರೆ, ಕೆರೆಯ ತೂಬಿನಿಂದ ಹರಿಯುವ ಹಳ್ಳವೇ ಕೆಳಗಿನ ಲೈನಿನ ಮನೆಗಳಿಗೆ ಕುಡಿಯುವ ನೀರು. ನಮ್ಮ ಆಳುಗಳೆಲ್ಲ ಇರುವುದು ಆ ಲೈನಿನಲ್ಲಿ. ನಾನೂ ಅಲ್ಲೇ ಹುಟ್ಟಿದವನು. ಗೌಡರಿಗೂ ಅದು ಗೊತ್ತಿತ್ತು. ಔಷಧಿ ಹೊಡೆಯಲು ಮನಸ್ಸು ಬಾರದೆ, ಹೊಡೆಯದಿರಲು ಧೈರ್ಯ ಬಾರದೆ ಇದ್ದಾಗ ಯಾರೋ ಮೇಡಂ ಹೆಸರು ಹೇಳಿದರು.

ಮೇಡಂ ಬಂದ ಮೊದಲ ದಿನ ಒಂದು ಡಬ್ಬಿ ತೆಗೆದು ತೋರಿಸಿದರು. ಒಳಗೆ ಸಾಸಿವೆ ಕಾಳಿಗಿಂತ ತುಸು ಉದ್ದದ, ಕಪ್ಪು ಬಣ್ಣದ, ಮುಂದಕ್ಕೆ ಚಾಚಿದ ಮೂತಿಯ ಹುಳಗಳು. ಕಾಫಿಯವರಿಗೆ ಹುಳ ಅಂದರೆ ಕಾಂಡ ಕೊರೆಯುವ ಬೋರರ್, ಹಣ್ಣು ಕೊರೆಯುವ ಬೋರರ್. ಗೌಡರು ಒಂದು ಹೆಜ್ಜೆ ಹಿಂದೆ ಸರಿದರು.

"ಇವು ಕಾಫಿಗೆ ಹತ್ತಿದ್ರೆ ಎಂಥ ಮಾಡೋದು ಮೇಡಂ?"

"ಹತ್ತಲ್ಲ ಗೌಡ್ರೇ. ಇವರು ಒಂದೇ ಊಟದವರು. ಆ ಪಾಚಿ ಸಿಗದಿದ್ರೆ ಉಪವಾಸ ಬಿದ್ದು ಸಾಯ್ತಾರೆ, ಬೇರೆ ಎಲೆ ಮುಟ್ಟೋದಿಲ್ಲ."

"ಇವರು ಅಂದ್ರೆ?"

"ಇವರೇ," ಎಂದು ಮೇಡಂ ಡಬ್ಬಿ ತೋರಿಸಿದರು.

ಗೌಡರಿಗೆ ಹೋಗಿ ಬನ್ನಿ ಎನ್ನುವಷ್ಟೇ ಗೌರವದಿಂದ ಅವರು ಹುಳಗಳನ್ನೂ ಮಾತಾಡಿಸುತ್ತಿದ್ದರು. ಗೌಡರ ನಾಯಿಗೆ ಮಾತ್ರ ಏಕವಚನ. ಅದು ಅವರ ಚಪ್ಪಲಿ ಕಚ್ಚಿತ್ತು.

ಕೆರೆಗೆ ಹೊಸದಾಗಿ ಏನು ಬಿಡುವುದಿದ್ದರೂ ನಮ್ಮಲ್ಲಿ ಚೌಡಿ ಮೂಲೆಯಿಂದ ಬಿಡಬೇಕು. ದೊಡ್ಡ ಹಲಸಿನ ಮರದ ಕೆಳಗೆ ಚೌಡಿಯ ಕಲ್ಲು ಇದೆ. ಮೀನಿನ ಮರಿ ಬಿಟ್ಟಾಗಲೂ ಅಲ್ಲೇ ಕಾಯಿ ಒಡೆದಿದ್ದರು. ಹುಳಗಳಿಗೂ ಅದೇ ಆಯಿತು. ನವೆಂಬರಿನ ಒಂದು ಮಧ್ಯಾಹ್ನ ಗೌಡರು ಕಾಯಿ ಒಡೆದರು, ಮೇಡಂ ಏರಿಯ ಮೇಲೆ ಬಿಸಿಲಲ್ಲಿ ನಿಂತು ಸುತಳಿ ಕಟ್ಟಿದ ಥರ್ಮಾಮೀಟರ್ ಇಳಿಬಿಟ್ಟು ನೋಡಿ "ಆಗಬಹುದು" ಅಂದರು, ಹುಳಗಳನ್ನು ಮರದ ಬುಡದ ಪಾಚಿಯ ಮೇಲೆ ಬಿಟ್ಟಿದ್ದಾಯಿತು. ಬಶೀರಣ್ಣ ಪಂಪ್ ಹೌಸಿನಿಂದ ಬಗ್ಗಿ ನೋಡಿ, "ಇಷ್ಟೇ ಇಷ್ಟು ಹುಳ ಇಷ್ಟೊಂದು ಪಾಚಿ ತಿನ್ನಬೇಕಾದ್ರೆ ನನ್ನ ಮೊಮ್ಮಗ ಪಂಪ್ ರಿಪೇರಿಗೆ ಬರ್ತಾನೆ ಬಿಡಿ," ಅಂದ. ಮೇಡಂ, "ಇವರೂ ಮೊಮ್ಮಕ್ಕಳ ಜೊತೆನೇ ಬರ್ತಾರೆ ಬಶೀರ್, ಅದೇ ಇವರ ಗುಟ್ಟು," ಅಂದರು.

ಆದರೆ ಮೊಮ್ಮಕ್ಕಳು ಬರಲಿಲ್ಲ. ಡಿಸೆಂಬರ್ ಕಳೆಯಿತು, ಪಾಚಿ ಇದ್ದ ಹಾಗೇ ಇತ್ತು.

ಅವರು ವಾರಕ್ಕೊಮ್ಮೆ ಮೂಡಿಗೆರೆಯ ಬಸ್ಸಿನಲ್ಲಿ ಬಂದು, ಏರಿಯ ಬಳಿ ನೀರಿಗೆ ಕೈ ಅದ್ದಿ ಕಣ್ಣು ಮುಚ್ಚಿ ನೋಡಿ, ಸಂಜೆ ಬಸ್ಸಿಗೆ ಹೋಗುತ್ತಿದ್ದರು. ನಾನು ಅವರನ್ನು ಮಿಮಿಕ್ರಿ ಮಾಡಲು ಶುರು ಮಾಡಿದ್ದು ಆಗಲೇ. ಒಂದು ದಿನ ಹಣ್ಣು ಕುಯ್ಯುವವರ ಟೀ ಹೊತ್ತಿನಲ್ಲಿ ನಾನು ಕೈ ಅದ್ದಿ, ಕಣ್ಣು ಮುಚ್ಚಿ, "ಇವರಿಗೆ ಸ್ವಲ್ಪ ಮೈ ಸರಿ ಇಲ್ಲಪ್ಪ," ಎಂದೆ. ಯಾರೂ ನಗಲಿಲ್ಲ. ಯಾರೂ ನಗದಿದ್ದರೆ ಬೆನ್ನ ಹಿಂದೆ ಯಾರಿದ್ದಾರೆಂದು ಮಿಮಿಕ್ರಿಯವನಿಗೆ ಗೊತ್ತಾಗುತ್ತದೆ.

"ಆ ಕೈ ಅಲ್ಲಪ್ಪ," ಅಂದರು ಮೇಡಂ, ಹಿಂದಿನಿಂದ. "ಎಡಗೈ. ಬಲಗೈಯಲ್ಲಿ ಥರ್ಮಾಮೀಟರ್ ಇರುತ್ತೆ. ಇನ್ನೊಂದು ಸಲ ಮಾಡು."

ಮಾಡಿದೆ. ಈ ಸಲ ಎಲ್ಲರೂ ನಕ್ಕರು, ಅವರೂ ನಕ್ಕರು. ಆಮೇಲೆ, "ನಾನು ಇಲ್ಲದ ದಿನ ನೀನೇ ನಾನು. ಬೆಳಿಗ್ಗೆ ಹಾಜರಿ ಹಾಕೋಕೆ ಮೊದಲು ಕೆರೆ ಹತ್ರ ಹೋಗಿ ನೀರು ಎಷ್ಟು ಡಿಗ್ರಿ ಇದೆ ನೋಡಿ ನನಗೆ ಫೋನ್ ಮಾಡು," ಎಂದು ತಮ್ಮ ಹತ್ತಿರವಿದ್ದ ಇನ್ನೊಂದು ಥರ್ಮಾಮೀಟರ್ ಕೈಗಿಟ್ಟರು. ತಮಾಷೆ ಮಾಡಿದವನಿಗೆ ಚಳಿಯ ಬೆಳಗಿನ ಡ್ಯೂಟಿ. ಇಂಥ ಶಿಕ್ಷೆಯನ್ನು ನಮ್ಮ ಹೆಡ್‌ಮಾಸ್ಟರಿಗೂ ಕಂಡುಹಿಡಿಯಲು ಆಗಿರಲಿಲ್ಲ.

ಬೇಜಾರು ಕಳೆಯಲು ಒಂದು ದಿನ ಗೌಡರ ಗಂಟಲಲ್ಲಿ, ಒಂದು ದಿನ ಬಶೀರಣ್ಣನ ಗಂಟಲಲ್ಲಿ ಅಂಕಿ ಹೇಳುತ್ತಿದ್ದೆ. ಅವರು ಒಂದೇ ಮಾತು ಹೇಳಿದರು. "ಗಂಟಲು ಯಾರದಾದ್ರೂ ಇರಲಿ, ಅಂಕಿ ನೀರಿಂದೇ ಇರಲಿ. ನನ್ನ ಖುಷಿಗೆ ಏರಿಸಬೇಡ."

ಏರಿಸುವಂತೆಯೂ ಇರಲಿಲ್ಲ. ಏರಿಯ ಹತ್ತಿರ ಒಂದು ಅಂಕಿ, ಚೌಡಿ ಮೂಲೆಯಲ್ಲಿ ಅದಕ್ಕಿಂತ ತೀರಾ ಕೆಳಗಿನ ಇನ್ನೊಂದು. ಎರಡನೆಯದನ್ನು ಕೇಳಿದ ದಿನ ಅವರು ಫೋನಿನಲ್ಲಿ ಅಂಕಿಯನ್ನು ಇನ್ನೊಂದು ಸಲ ಹೇಳಿಸಿಕೊಂಡರು. "ಅಲ್ಲಿ ಒರತೆ ಇದೆಯಾ?" ಎಂದರು. ಇದೆ ಮೇಡಂ, ಹಲಸಿನ ಬೇರಿನ ಕೆಳಗಿಂದ ಬರ್ತದೆ, ಬೇಸಿಗೇಲೂ ಐಸ್ ನೀರೇ, ಎಂದೆ. "ನಾಳೆ ಬರ್ತೀನಿ," ಎಂದರು.

ಆ ಮಾರನೆಯ ದಿನವೇ ಗೌಡರ ತಾಳ್ಮೆ ಮುಗಿದದ್ದು. ಬೆಳಿಗ್ಗೆ ಅವರು ಪಾಚಿಯ ಒಂದು ಗೊಂಚಲು ಎತ್ತಿಸಿ, ಅದರಲ್ಲಿದ್ದ ಹುಳಗಳನ್ನು ಬಿಳಿ ಕಾಗದದ ಮೇಲೆ ಉದುರಿಸಿ, ಜಗುಲಿಯಲ್ಲಿ ಇಟ್ಟುಕೊಂಡು ಕಾಯುತ್ತಿದ್ದರು. ಒಂದೂ ಅಲ್ಲಾಡುತ್ತಿರಲಿಲ್ಲ. ಹಾಜರಿಗೆ ಬಂದ ಆಳುಗಳೆಲ್ಲ, ಪಂಪು ನೋಡಲು ಬಂದಿದ್ದ ಬಶೀರಣ್ಣನೂ, ಅಂಗಳದಲ್ಲಿದ್ದರು. ಸ್ಟೋರಿನಿಂದ ಕ್ಯಾನು ತರಲು ಮೇಸ್ತ್ರಿಗೆ ಹೇಳಿಯೂ ಆಗಿತ್ತು.

"ನೋಡಿ ಮೇಡಂ, ಎಲ್ಲ ಸತ್ತು ಹೋಗಿದಾವೆ. ನಾ ಇನ್ನು ಕಾಯಕ್ಕಾಗಲ್ಲ. ನನ್ನ ಹೂವು ಕಾಯ್ತದಾ, ಹೇಳಿ?"

ಮೇಡಂ ಜಗುಲಿ ಹತ್ತಿದರು. ಕಾಗದದ ಮೇಲಿನ ಹುಳಗಳನ್ನು ಅಂಗೈಗೆ ಸುರಿದುಕೊಂಡು ಮುಷ್ಟಿ ಕಟ್ಟಿದರು. ಮುಷ್ಟಿಯನ್ನು ಬಾಯಿಯ ಹತ್ತಿರ ತಂದು ಹಾ ಎಂದು ಉಸಿರು ಬಿಟ್ಟರು. ಆಮೇಲೆ ಕುರ್ಚಿಯಲ್ಲಿ ಕುಳಿತು ಗೌಡರ ಮಗಳ ಪರೀಕ್ಷೆ ಹೇಗಾಯಿತು, ಗೌಡರ ಅಮ್ಮನ ಮಂಡಿ ನೋವು ಹೇಗಿದೆ ಎಂದು ಕೇಳುತ್ತಾ ಹೋದರು. ಗೌಡರು ಸಿಟ್ಟಿನಲ್ಲಿದ್ದರೂ ಅಮ್ಮನ ಮಂಡಿಯ ವಿಷಯ ಬಂದರೆ ಬಿಡುವವರಲ್ಲ. ಶಿವಮೊಗ್ಗದ ಡಾಕ್ಟರು ಹೇಳಿದ್ದು, ಕಳಸದ ನಾಟಿ ವೈದ್ಯರು ಹೇಳಿದ್ದು, ಎರಡನ್ನೂ ವಿವರಿಸಿದರು. ಮುಗಿಯುವ ಹೊತ್ತಿಗೆ ಮೇಡಂ ಮುಷ್ಟಿ ತೆರೆದರು. ಅಂಗೈಯ ಗೆರೆಯ ಮೇಲೆ ಒಂದು ಹುಳ ಕಾಲು ಎತ್ತಿತು. ಇನ್ನೊಂದು ಹೊರಳಿತು. ಮೂರನೆಯದು ಮಣಿಕಟ್ಟಿನ ಕಡೆ ನಡೆಯತೊಡಗಿತು.

"ಸತ್ತಿದ್ದಾರೋ ಸುಮ್ಮನಿದ್ದಾರೋ ನೋಡಿ ಹೇಳಬೇಕು ಗೌಡ್ರೇ," ಅಂದರು. "ಚಳಿಗೆ ಸುಮ್ಮನಿದ್ದಾರೆ. ಇಪ್ಪತ್ತು ಡಿಗ್ರಿಯ ಕೆಳಗೆ ಇವರು ಮೊಟ್ಟೆ ಇಡೋಲ್ಲ. ಇನ್ನೂ ಇಳಿದ್ರೆ ಊಟಾನೂ ಬಿಡ್ತಾರೆ. ಆ ಒರತೆ ಮೂಲೆಯಲ್ಲಿ ನೀರು ಅದಕ್ಕಿಂತ ಮೇಲೆ ಬಂದೇ ಇಲ್ಲ."

ಗೌಡರು ಮಾತಾಡಲು ಬಾಯಿ ತೆರೆದರು. ಅಷ್ಟರಲ್ಲಿ ಮೇಡಂ ಎದ್ದು ನಿಂತು, ಅಂಗಳದಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ, "ತಪ್ಪು ನನ್ನದು," ಎಂದರು.

ಇದು ಎಂಥ ಮಾತು ಎಂದು ತಿಳಿಯಬೇಕಾದರೆ ನಮ್ಮ ಕಡೆಯವರ ಸ್ವಭಾವ ಗೊತ್ತಿರಬೇಕು. ಕಾಫಿ ಸೀಮೆಯಲ್ಲಿ ತಪ್ಪು ಯಾವತ್ತೂ ಮಳೆಯದ್ದು. ಫಸಲು ಹೋದರೆ ಮಳೆ, ಜೀಪು ಕೆಟ್ಟರೆ ಮಳೆ, ಮಾತು ಕೊಟ್ಟು ಬಾರದಿದ್ದರೆ ಮಳೆ. ನಾನು ಪಿಯುಸಿ ಫೇಲಾದದ್ದೂ ಮಳೆಯಿಂದಲೇ. ಜನರ ಎದುರು ನಿಂತು ತಪ್ಪು ನನ್ನದು ಅಂದವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಜಗಳಕ್ಕೆಂದು ಮೈ ಬಿಗಿದುಕೊಂಡಿದ್ದ ಗೌಡರಿಗೆ ಈಗ ಎತ್ತ ಹೋಗುವುದೆಂದು ತಿಳಿಯಲಿಲ್ಲ.

"ಅಲ್ಲ ಮೇಡಂ, ಚೌಡಿ ಮೂಲೇಲಿ ಬಿಡಿ ಅಂದಿದ್ದು ನಾನಲ್ವಾ?"

"ಹೇಳಿದ್ದು ನೀವು. ಥರ್ಮಾಮೀಟರ್ ಇದ್ದದ್ದು ನನ್ನ ಹತ್ರ. ನಾನು ಏರಿ ಮೇಲೆ ನಿಂತು ಬಿಸಿಲು ಬಿದ್ದ ನೀರನ್ನ ನೋಡಿದೆ, ನೆರಳಲ್ಲಿ ಬಿಟ್ಟೆ. ನಮ್ಮೂರ ಕೆರೇಲಿ ನವೆಂಬರ್ ಅಂದ್ರೂ ನೀರು ಬೆಚ್ಚಗಿರುತ್ತೆ, ಅದೇ ಲೆಕ್ಕದಲ್ಲಿದ್ದೆ."

"ಈಗ ಎಂಥ ಮಾಡೋದು ಹಂಗಾದ್ರೆ?"

"ಇವರನ್ನ ಬಿಸಿಲಿಗೆ ಸಾಗಿಸಬೇಕು. ಬೇಸಿಗೆ ಬಂದ ಮೇಲೆ ಇವರ ಕೆಲಸ ನೋಡಿ. ಆದರೆ ನಿಮ್ಮ ಹೂವಿನ ಹೊತ್ತಿಗೆ ಕೆರೆ ತೆರೆಯೋದಿಲ್ಲ. ಆ ಮಾತು ನಾನು ಕೊಡಲ್ಲ."

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಹೂವಿಗೆ ನೀರಿಲ್ಲ ಅಂದರೆ ಗೌಡರು ದೇವರ ಮಾತನ್ನೂ ಕೇಳುವವರಲ್ಲ. ಮೇಸ್ತ್ರಿ ಆಗಲೇ ಕ್ಯಾನು ತಂದು ಮೆಟ್ಟಿಲ ಹತ್ತಿರ ಇಟ್ಟಿದ್ದ. ಲೈನಿನ ಹೆಂಗಸರು ಕ್ಯಾನಿನ ಕಡೆಯೇ ನೋಡುತ್ತಿದ್ದರು. ಮೇಡಂ ಬಶೀರಣ್ಣನ ಕಡೆ ತಿರುಗಿದರು.

"ಬಶೀರ್, ಪಾಚಿ ಮೇಲೆ ತೇಲ್ತಾ ಇರಲಿ, ಕೆಳಗಿನ ನೀರು ಮಾತ್ರ ನಿನ್ನ ಪಂಪಿಗೆ ಬರೋ ಹಾಗೆ ಮಾಡೋಕೆ ಆಗುತ್ತಾ?"

ಬಶೀರಣ್ಣ ಬಾಯಿಂದ ಬೋಲ್ಟು ತೆಗೆದ. ಅವನು ಬೋಲ್ಟು ತೆಗೆದು ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಬಿದಿರಿನ ಪಂಜರ ಮಾಡಿ, ಸುತ್ತ ಕಾಫಿ ಒಣಗಿಸೋ ನೆಟ್ ಸುತ್ತಿ, ಫುಟ್‌ವಾಲ್ವ್ ಅದರೊಳಗೆ ಇಳಿಸಿದ್ರೆ ಆಗ್ತದೆ. ದಿನಾ ಒಬ್ಬ ಕೂತು ನೆಟ್ ಉಜ್ಜಬೇಕು."

"ಉಜ್ಜೋಕೆ ನಮ್ಮ ರೈಟ್ರು ಇದಾರಲ್ಲ," ಎಂದರು ಮೇಡಂ. ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ನನ್ನನ್ನು ಅವರು ಬಹುವಚನದಲ್ಲಿ ಕರೆದದ್ದು ಆ ಒಂದು ಸಲ. ಅದೂ ಕೆಲಸ ಹಚ್ಚಲು.

ಗೌಡರು ಮೀಸೆ ತಿರುವಿದರು. "ಪಂಪು ಒಂದು ದಿನ ಕಟ್ಟಿದ್ರೂ ನಾನು ಔಷಧಿ ಹೊಡ್ಸೋನೇ," ಎಂದರು. ಕ್ಯಾನು ಸ್ಟೋರಿಗೆ ಮರಳಿತು.

ಹುಳಗಳನ್ನು ಸಾಗಿಸುವ ದಿನ ಇನ್ನೊಂದು ಪೇಚು. ಚೌಡಿಗೆ ಒಪ್ಪಿಸಿದ್ದನ್ನು ಕೇಳದೆ ಎತ್ತುವ ಹಾಗಿಲ್ಲ. ಗೌಡರು ಮತ್ತೆ ಕಾಯಿ ತಂದು, ಚಪ್ಪಲಿ ಬಿಟ್ಟು, ಕಲ್ಲಿನ ಮುಂದೆ ಕೈ ಮುಗಿದು ನಿಂತರು. ಏನು ಹೇಳಬೇಕೆಂದು ಹೊಳೆಯದೆ ಮೇಡಂ ಕಡೆ ನೋಡಿದರು. ಮೇಡಂ ತಾವೂ ಕೈ ಮುಗಿದು ನಿಂತಿದ್ದರು, ಸಹಾಯ ಮಾಡಲಿಲ್ಲ.

"ತಾಯೀ," ಎಂದರು ಗೌಡರು ಕೊನೆಗೆ, "ಇವರಿಗೆ ಇಲ್ಲಿ ಚಳಿ ಆಗ್ತಾ ಅದೆ. ಬಿಸಿಲಿಗೆ ಕರ್ಕೊಂಡು ಹೋಗ್ತೀವಿ. ತಪ್ಪು ತಿಳ್ಕೋಬೇಡ."

ಕಾಯಿ ಸರಿಯಾಗಿ ಎರಡು ಹೋಳಾಯಿತು. ಹಣ್ಣು ಕುಯ್ಯುವ ಬುಟ್ಟಿಗಳಲ್ಲಿ ಪಾಚಿ ತುಂಬಿ, ಏರಿಯ ಉದ್ದಕ್ಕೂ ಹೊತ್ತು, ಇಡೀ ದಿನ ಬಿಸಿಲು ಬೀಳುವ ಪಡುವಣ ದಡದಲ್ಲಿ ಇಳಿಸಿದೆವು. ಗೌಡರು ಹೇಳಿದ ಆ ಪ್ರಾರ್ಥನೆ ನನ್ನ ಮಿಮಿಕ್ರಿಯಲ್ಲಿ ಈಗ ದೊಡ್ಡ ಹಿಟ್. ಗೌಡರಿಲ್ಲದ ಕಡೆ ಮಾತ್ರ.

ಹೂವಿಗೆ ನೀರು ಹೋಯಿತು. ನಾನು ಪಂಜರದ ಪಕ್ಕ ಕುಳಿತು ನೆಟ್ ಉಜ್ಜಿ ಉಜ್ಜಿ ನನ್ನ ಕೈಯೇ ಪಾಚಿಯಾಯಿತು. ಪಂಪು ಕಟ್ಟಲಿಲ್ಲ. ಬೆಟ್ಟವೆಲ್ಲ ಬೆಳ್ಳಗೆ ಅರಳಿದ ದಿನ ಮೇಡಂ ಬಂದರು; ಹೂವಿನ ಕಡೆ ಒಂದು ಸಲ ನೋಡಿ, ನೇರ ಕೆರೆಗೆ ನಡೆದರು. ಪಡುವಣ ದಡದಲ್ಲಿ ಪಾಚಿಯ ಮೊಗ್ಗುಗಳು ಕಂದಾಗತೊಡಗಿದ್ದವು. ಒಂದು ದಂಟು ಸೀಳಿ ಒಳಗಿದ್ದ ಬಿಳಿ ಮರಿಹುಳ ತೋರಿಸಿದರು. "ಬಂದ್ರು ನೋಡು ಮೊಮ್ಮಕ್ಕಳು," ಎಂದರು. ಅಷ್ಟೇ. ಆ ತಿಂಗಳ ಕೊನೆಗೆ ಅವರ ನಿವೃತ್ತಿ.

ಮೂಡಿಗೆರೆಯ ಆಫೀಸಿನಲ್ಲಿ ಬೀಳ್ಕೊಡುಗೆಗೆ ನನ್ನನ್ನೂ ಕರೆದಿದ್ದರು, ಮಿಮಿಕ್ರಿಗೆ. ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಆಯಿತು. ಭಾಷಣದಲ್ಲಿ ಒಬ್ಬರು ಅವರನ್ನು ಎಂದೂ ಸೋಲದವರು ಎಂದು ಹೊಗಳಿದಾಗ ಮೇಡಂ ಪಕ್ಕದಲ್ಲಿ ಕುಳಿತಿದ್ದ ನನ್ನ ಕಡೆ ಬಾಗಿ, "ಇವರಿಗೆ ಬಾಳೂರಿನ ಕೆರೆ ತೋರಿಸಬೇಕಿತ್ತು," ಎಂದು ಪಿಸುಗುಟ್ಟಿದರು. ನನಗೆ ಕೊಟ್ಟಿದ್ದ ಥರ್ಮಾಮೀಟರನ್ನು ಮರೆಯದೆ ವಾಪಸು ಕೇಳಿ ತೆಗೆದುಕೊಂಡರು. ಅದು ಅವರ ಸ್ವಂತ ದುಡ್ಡಿನದಂತೆ.

ಏಪ್ರಿಲ್ಲಿನಲ್ಲಿ ಕೆರೆ ನಾತ ಹೊಡೆಯಲು ಶುರುವಾಯಿತು. ಪಾಚಿ ಕಂದಾಗಿ, ಕರ್ರಗಾಗಿ, ರಾಶಿ ರಾಶಿ ಮುಳುಗಿ ಕೊಳೆಯುತ್ತಿತ್ತು. ಲೈನಿನವರು ಹಳ್ಳದ ನೀರು ಬಿಟ್ಟು ದೂರದ ಬಾವಿಯಿಂದ ಹೊರಬೇಕಾಯಿತು. ಲೈನಿನ ಮೊದಲ ಮನೆಯ ರತ್ನಕ್ಕ ದಿನಾ ಬೆಳಿಗ್ಗೆ ಹಾಜರಿಯಲ್ಲಿ ನನ್ನನ್ನು ಬೈಯುತ್ತಿದ್ದಳು. "ನಿನ್ನ ಮೇಡಂ ಪಿಂಚಣಿ ತಗೊಂಡು ಹೋದ್ಲು, ನಮ್ಮ ಸೊಂಟ ಹೋಯ್ತು!" ಗೌಡರಿಗೂ ಒಳಗೊಳಗೇ ಅನುಮಾನ. ನಾನು ಮೇಡಂಗೆ ಫೋನು ಮಾಡಿ ರತ್ನಕ್ಕನ ಬೈಗುಳ ತಲುಪಿಸಿದೆ. ಯಾರ ಗಂಟಲೂ ಅಲ್ಲದೆ ನನ್ನ ಜೀಪಿನ ಗಂಟಲಲ್ಲೇ ಕೇಳಿದೆ: "ಇದು ಸರಿ ಹೋಗ್ತದಾ ಮೇಡಂ?"

"ಹೋಗಬೇಕು," ಎಂದರು. "ಕೊಳೆತದ್ದು ತಳ ಸೇರಿ ನೀರು ತಿಳಿಯಾಗಬೇಕು. ಎಷ್ಟು ದಿನ ಅಂತ ನನಗೆ ಗೊತ್ತಿಲ್ಲಪ್ಪ. ರತ್ನಮ್ಮನಿಗೆ ನಾನು ಹೇಳಿದೆ ಅಂತ ಕ್ಷಮೆ ಕೇಳು. ಮಿಮಿಕ್ರಿ ಮಾಡದೆ ಕೇಳು."

ಮೇ ತಿಂಗಳ ಕೊನೆಗೆ, ಮುಂಗಾರಿಗೆ ಮುಂಚೆ, ಅವರೇ ಬಂದರು. ಬಸ್ಸಿಳಿದು ಬಂದವರು ಏರಿ ಹತ್ತಿ ನಿಂತರು. ಕೆರೆ ತೆರೆದಿತ್ತು. ಆಕಾಶ ನೀರಿನಲ್ಲಿ ಕಾಣುತ್ತಿತ್ತು. ಒಂದು ಮೂಲೆಯಲ್ಲಿ ಮಾತ್ರ, ಅಂಗಳದಷ್ಟು ಜಾಗದಲ್ಲಿ, ಹಸಿರು ಪಾಚಿ ಉಳಿದಿತ್ತು. ಅದನ್ನು ಅಂದೇ ಎಳೆಸಿ ಮುಗಿಸಬೇಕೆಂದು ಗೌಡರು ಆಳುಗಳನ್ನು ಇಳಿಸಿದ್ದರು.

"ಒಂದು ಚೂರೂ ಬಿಡ್ಬೇಡಿ ಕಣ್ರೋ, ಮೇಡಂ ಬಂದಿದಾರೆ, ನೋಡ್ಲಿ!"

ಮೇಡಂ ಏರಿಯಿಂದಲೇ ಕೂಗಿದರು. "ಗೌಡ್ರೇ, ನಿಲ್ಲಿಸಿ!"

ಎಲ್ಲರೂ ನಿಂತರು.

"ಊಟಕ್ಕೆ ಕರೆದವರು ಇನ್ನೂ ಪಂಕ್ತಿಯಲ್ಲಿ ಕೂತಿದ್ದಾರೆ. ಎಲೆ ಎತ್ತಿಸ್ತಾ ಇದೀರಲ್ಲ. ಅಷ್ಟೂ ತೆಗೆದರೆ ಇವರೆಲ್ಲ ಉಪವಾಸ ಸಾಯ್ತಾರೆ. ಮಳೆಗಾಲದ ನೀರಲ್ಲಿ ಎಲ್ಲಿಂದಲೋ ಒಂದು ಎಸಳು ಪಾಚಿ ತೇಲಿ ಬಂದರೆ ತಿನ್ನೋಕೆ ಒಬ್ಬರೂ ಇರಲ್ಲ. ಆಗ ನೀವು ಮತ್ತೆ ಕ್ಯಾನು ತೆಗೀತೀರಿ."

"ಹಂಗಂದ್ರೆ ಪಾಚಿ ಸಾಕಬೇಕಾ ನಾನು?" ಗೌಡರ ದನಿ ಏರಿತು. "ನವೆಂಬರಿಂದ ಕಾದಿದೀನಿ ಮೇಡಂ, ಕೆರೆ ಚೊಕ್ಕ ಆಗ್ಲಿ ಅಂತ!"

"ಸಾಕಬೇಕು. ಆ ಮೂಲೆ ಅಷ್ಟು."

ಈಗ ಅವರ ಹತ್ತಿರ ಆಫೀಸಿರಲಿಲ್ಲ, ಸೀಲಿರಲಿಲ್ಲ. ಗೌಡರು ಬೇಡ ಎಂದಿದ್ದರೆ ಅವರು ಮುಂದಿನ ಬಸ್ಸು ಹಿಡಿಯುವುದೊಂದೇ ದಾರಿ. ಗೌಡರು ಕೆರೆ ನೋಡಿದರು, ಆ ಮೂಲೆ ನೋಡಿದರು, ಮೊಣಕಾಲು ನೀರಿನಲ್ಲಿ ಬುಟ್ಟಿ ಹಿಡಿದು ನಿಂತ ಆಳುಗಳನ್ನು ನೋಡಿದರು.

"ಮೇಸ್ತ್ರಿ," ಎಂದರು ಸಣ್ಣಗೆ, "ಅಲ್ಲಿ ಬಿದಿರು ಅಡ್ಡ ಕಟ್ಟಿಸು. ಈಚೆ ಬರದ ಹಾಗೆ. ಆ ಕಡೆ ಯಾರೂ ಕೈ ಹಾಕ್ಬೇಡಿ." ಆಮೇಲೆ ನನ್ನ ಕಡೆ ತಿರುಗಿ, "ಆ ಕ್ಯಾನು ಎರಡೂ ಪೇಟೆ ಅಂಗಡಿಗೆ ವಾಪಸ್ ಕಳ್ಸು ಮಾರಾಯ. ತಗೊಳ್ಳಲ್ಲ ಅಂದ್ರೆ ಅಲ್ಲೇ ಇಟ್ಟು ಬಾ."

ಮೇಡಂ ಗೌಡರಿಗೆ ಕೈ ಮುಗಿದರು. ಊಟಕ್ಕೆ ಕರೆದರೆ ಬೇಡವೆಂದು, ಹಳ್ಳದ ಗುಂಟ ಲೈನಿನ ಕಡೆ ಇಳಿದರು. ನಾನು ಹಿಂದೆ ಹೋದೆ. ಮೊದಲ ಮನೆಯ ಮುಂದೆ, ಹಳ್ಳದಿಂದ ಬರುವ ಪೈಪಿನ ಕೆಳಗೆ ರತ್ನಕ್ಕ ಕೊಡ ತುಂಬುತ್ತಿದ್ದಳು. ಮೇಡಂ ಅವರನ್ನು ಕಂಡವಳೇ ಸೆರಗು ಸರಿ ಮಾಡಿಕೊಂಡಳು. ನನ್ನೆದುರು ಬೈದ ಹಾಗೆ ಅವರ ಎದುರೇ ಬೈಯಲು ಅವಳಿಗೆ ಬಾಯಿ ಬರಲಿಲ್ಲ.

"ಕುಡಿಯೋಕೆ ಸ್ವಲ್ಪ ನೀರು ಕೊಡ್ತೀಯೇನಮ್ಮ?"

"ಬನ್ನಿ ಕೂತ್ಕೊಳಿ ಮೇಡಂ, ಒಳಗೆ ಕಾಯ್ಸಿ ಆರ್ಸಿದ್ದು ಅದೆ, ತರ್ತೀನಿ."

"ಅದಲ್ಲ. ಈ ಪೈಪಿಂದು."

ರತ್ನಕ್ಕ ನನ್ನ ಮುಖ ನೋಡಿದಳು. ಒಳಗಿನಿಂದ ಸ್ಟೀಲ್ ಲೋಟ ತಂದು, ತೊಳೆದು, ಮತ್ತೆ ತೊಳೆದು, ಪೈಪಿಗೆ ಹಿಡಿದು ತುಂಬಿ ಕೊಟ್ಟಳು. ಮೇಡಂ ಲೋಟವನ್ನು ಬೆಳಕಿಗೆ ಎತ್ತಿ ನೋಡಲಿಲ್ಲ, ಮೂಸಲೂ ಇಲ್ಲ. ನಿಂತಲ್ಲೇ ನಿಂತು ಪೂರ್ತಿ ಕುಡಿದರು.

"ವಾಸನೆ ಗೀಸನೆ ಎಂಥಾದ್ರೂ ಬಂತಾ ಮೇಡಂ?" ರತ್ನಕ್ಕನ ದನಿಯಲ್ಲಿ ತುಸು ಗಾಬರಿ, ನೀರು ಅವಳೇ ಮಾಡಿದ್ದೇನೋ ಎಂಬಂತೆ.

ಮೇಡಂ ಸೆರಗಿನಿಂದ ಬಾಯಿ ಒರೆಸಿಕೊಂಡು ಲೋಟ ಮುಂದೆ ಹಿಡಿದರು.

"ಇನ್ನೊಂದು ಲೋಟ ಕೊಡಮ್ಮ," ಎಂದರು.